ಲೋಟಕ್ಕೆ ನಾಲಿಗೆ ಚಾಚುವ ಗಿಳಿ

ಪ್ರಶ್ನೆ: ಆಸ್ಟ್ರೇಲಿಯಾದ ಪಕ್ಷಿಧಾಮವೊಂದರಲ್ಲಿ ದೊಡ್ಡ ಬಲೆಯೊಳಗೆ ಓಡಾಡುತ್ತಾ ಬಣ್ಣದ ಗಿಳಿಗಳಿಗೆ ಉಣಿಸಿದೆವು. ಕಾಳು, ಹಣ್ಣು ಕೊಡದೆ ಪುಟ್ಟ ಲೋಟದಲ್ಲಿ ಏನೋ ದ್ರವ ಕೊಟ್ಟರು. ಗಿಳಿಗೆ ಅದೆಂಥ ಊಟ?

ಉತ್ತರ: ನೀಲಿ ತಲೆ, ಕಿತ್ತಳೆ ಎದೆ, ಹಸಿರು ರೆಕ್ಕೆ ಇದ್ದಿದ್ದರೆ ಅದು ರೇನ್‌ಬೋ ಲೋರಿಕೀಟ್. ಗಿಳಿಯೇ ಹೌದು, ಆದರೆ ಮುಖ್ಯ ಆಹಾರ ಮಕರಂದ ಮತ್ತು ಪರಾಗ. ನಾಲಿಗೆಯ ತುದಿಯಲ್ಲಿ ಬ್ರಷ್ಷಿನಂಥ ಸಣ್ಣ ಎಳೆಗಳಿವೆ. ಹೂವಿಗೆ ನಾಲಿಗೆ ಚಾಚಿದಾಗ ಅವು ನಿಮಿರಿ ರಸವನ್ನು ಹೀರಿ ತರುತ್ತವೆ. ನೀಲಗಿರಿಯಂಥ ಮರಗಳ ಹೂ ಇವಕ್ಕೆ ಹಬ್ಬ. ನಮ್ಮ ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಇವುಗಳ ನಾಡಿನಿಂದಲೇ ಬಂದದ್ದು. ಅದರ ಹೂವನ್ನೂ ಬಿಡುವುದಿಲ್ಲ. ನಿಮಗೆ ಕೊಟ್ಟದ್ದು ಮಕರಂದಕ್ಕೆ ಬದಲಾಗಿ ತಯಾರಿಸಿದ ಪೇಯ.

ಕ್ವೀನ್ಸ್‌ಲ್ಯಾಂಡಿನ ಕರಂಬಿನ್‌ನಲ್ಲಿ ಇಂಥ ಉಣಿಸುವಿಕೆ ಶುರುವಾದದ್ದು ಕಾಟ ತಪ್ಪಿಸಿಕೊಳ್ಳಲು! ಹೂ ಬೆಳೆಗಾರ ಅಲೆಕ್ಸ್ ಗ್ರಿಫಿತ್ಸ್, ಗ್ಲಾಡಿಯೋಲಸ್ ತೋಟಕ್ಕೆ ನುಗ್ಗುತ್ತಿದ್ದ ಕಾಡು ಲೋರಿಕೀಟ್‌ಗಳನ್ನು ಬೇರೆಡೆ ಸೆಳೆಯಲು ಆಹಾರವಿಡತೊಡಗಿದರು. ನೋಡಲು ಜನ ಸೇರಿದರು. 1947ರಲ್ಲಿ ಅದೇ ಪಕ್ಷಿಧಾಮವಾಯಿತು. ಅಲ್ಲಿ ಈ ಲೋರಿಕೀಟ್‌ಗಳಿಗೆ ಪಂಜರವಿಲ್ಲ, ತಾವಾಗಿ ಬರುತ್ತವೆ. ನನಗೆ ಅದೇ ಹೆಚ್ಚು ಮೆಚ್ಚುಗೆ.

ದ್ರವಾಹಾರದ ಹಕ್ಕಿಯ ಹಿಕ್ಕೆಯೂ ನೀರುನೀರೇ, ಹೆಗಲು ಜೋಕೆ! ಮುಂದೆ ಹೋದಾಗ ಅವರು ಕೊಟ್ಟದ್ದನ್ನೇ ಕೊಡಿ. ಬ್ರೆಡ್ಡು, ಸಕ್ಕರೆ ನೀರು ಬೇಡವೇ ಬೇಡ. ಹೊರಬಂದ ಮೇಲೆ ಸೋಪಿನಿಂದ ಕೈ ತೊಳೆದುಕೊಳ್ಳಿ.