ಕಪ್ಪಿನ ಅಳತೆ, ಆಟಗಾರನ ಅಳತೆ

ಭೀಮಾನದಿಯ ದಂಡೆಯ ಮೇಲಿರುವ ಅಫಜಲಪುರ ತಾಲ್ಲೂಕಿನ ಘತ್ತರಗಿಗೆ ಭಾಗ್ಯವಂತಿ ದೇವಿಯ ದರ್ಶನಾರ್ಥವಾಗಿ ಭಕ್ತರು ಬಂದು ಹೋಗುವುದು ವರ್ಷವಿಡೀ ನಡೆದೇ ಇರುತ್ತದೆ. ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ, ಕಲಬುರಗಿ ಸೀಮೆಯ ಬಿಸಿಲು ನಲವತ್ತು ಡಿಗ್ರಿಯನ್ನು ಮೀರಿ ಹಗಲೆಲ್ಲ ಜನರನ್ನು ನೆರಳಿಗೆ ಅಟ್ಟಿ, ಸಂಜೆಯಾದೊಡನೆ ಚಹಾದಂಗಡಿಗಳ ಮುಂದೆ ಕಲೆಹಾಕುವ ಹೊತ್ತಿನಲ್ಲಿ, ಆ ನೆರವಿಯ ಮಾತು ಎತ್ತಲಿಂದ ಹೊರಟರೂ ಕಡೆಗೆ ಬಂದು ನಿಲ್ಲುವುದು ಬೆಂಗಳೂರಿನ ಕ್ರಿಕೆಟ್ ತಂಡವಾದ ಆರ್‌ಸಿಬಿಯ ಬಳಿಗೆ. ಈ ಸಲ ತಂಡವು ಪ್ಲೇಆಫ್ ತಲುಪೀತೆ, ತಲುಪಿದರೆ ಗೆದ್ದೀತೆ, ವಿರಾಟ್ ಕೊಹ್ಲಿ ನಿಜವಾಗಿ ಎಷ್ಟು ದೊಡ್ಡ ಆಟಗಾರ ಎಂಬ ಪ್ರಶ್ನೆಗಳು ಘತ್ತರಗಿಯಂತಹ ಊರುಗಳಲ್ಲಿ ಎಷ್ಟೋ ಬೇಸಗೆಗಳನ್ನು ಕಂಡಿವೆ. “ಅಂವ ರನ್ ಹೊಡ್ದಾನ ಖರೆ, ಕಪ್ ಎಲ್ಲಿ ತಂದಾನ್ರೀ?” ಎಂದು 2025ರ ಮುಂಚೆ ಒಬ್ಬನು ಸವಾಲು ಹಾಕಿದರೆ, “ಒಬ್ಬಂವ ಎಷ್ಟಂತ ಎಳೀಬೇಕ್ರೀ, ಬಾಲ್ ಹಾಕೋರು ಯಾರು?” ಎಂದು ಇನ್ನೊಬ್ಬನು ಅಷ್ಟೇ ಬಿರುಸಿನಿಂದ ಉತ್ತರಿಸುತ್ತಿದ್ದನು.

ಇಂತಹ ವಾಗ್ವಾದವನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವವರುಂಟು. ನನಗೆ ಹಾಗೆ ತೋರುವುದಿಲ್ಲ. ಹನ್ನೊಂದು ಜನರು ಕೂಡಿ ಮಾಡಿದ ಒಂದು ಕಾರ್ಯದಲ್ಲಿ ಯಾರ ಶ್ರೇಯಸ್ಸು ಎಷ್ಟು, ಅದು ಕೆಟ್ಟಾಗ ಯಾರ ಹೊಣೆ ಎಷ್ಟು ಎಂದು ವಿವೇಚಿಸುವುದು ನ್ಯಾಯದ ವಿಚಾರ. ಮನೆಯಲ್ಲಿ, ಕಚೇರಿಯಲ್ಲಿ, ಪಂಚಾಯಿತಿಯಲ್ಲಿ ನಾವು ನಿತ್ಯವೂ ಎದುರಿಸಬೇಕಾದ ಅದೇ ವಿಚಾರವನ್ನು ಆಟವು ಎಲ್ಲರ ಕಣ್ಣೆದುರಿಗೆ, ಅಂಕಿಗಳ ಸಮೇತ, ತಂದಿರಿಸುತ್ತದೆ. ಆದುದರಿಂದ ಆ ಚರ್ಚೆಯು ಸರಿಯಾದ ದಾರಿಯಲ್ಲಿ ನಡೆಯಬೇಕೆಂಬುದು ನನ್ನ ಆಶೆ.

ಮೊದಲು ಪ್ಲೇಆಫ್ ಎಂಬುದರ ಸ್ವರೂಪವನ್ನು ನೋಡಬೇಕು. ಐಪಿಎಲ್ ಕ್ರಿಕೆಟ್ ಪಂದ್ಯಾವಳಿಯ ಲೀಗಿನ ಹಂತದಲ್ಲಿ ಪ್ರತಿಯೊಂದು ತಂಡವೂ ಸಾಮಾನ್ಯವಾಗಿ 14 ಪಂದ್ಯಗಳನ್ನು ಆಡುತ್ತದೆ. ಅಂಕಪಟ್ಟಿಯ ಮೊದಲ ನಾಲ್ಕು ತಂಡಗಳು ಮುಂದಕ್ಕೆ ಹೋಗುತ್ತವೆ. 2011ರಿಂದ ಬಂದ ಪದ್ಧತಿಯಂತೆ ಮೊದಲೆರಡು ಸ್ಥಾನದವರು ಸೋತರೂ ಇನ್ನೊಂದು ಅವಕಾಶವನ್ನು ಪಡೆಯುತ್ತಾರೆ. ಮೂರನೆಯ ನಾಲ್ಕನೆಯ ಸ್ಥಾನದವರಿಗೆ ಒಂದು ಸೋಲೆಂದರೆ ಮನೆಯ ದಾರಿ. ಎರಡು ತಿಂಗಳುಗಳ ಆಟದಲ್ಲಿ ನಾಣ್ಯದ ಚಿಮ್ಮುವಿಕೆ, ರಾತ್ರಿಯ ಇಬ್ಬನಿ, ಕೈಜಾರಿದ ಕ್ಯಾಚು ಮುಂತಾದ ಆಕಸ್ಮಿಕಗಳು ಒಮ್ಮೆ ಒಬ್ಬರಿಗೆ, ಒಮ್ಮೆ ಮತ್ತೊಬ್ಬರಿಗೆ ಒದಗಿ ಬಹುಮಟ್ಟಿಗೆ ಸರಿದೂಗುತ್ತವೆ. ಒಂದೇ ರಾತ್ರಿಯ ಪಂದ್ಯದಲ್ಲಿ ಸರಿದೂಗುವುದಕ್ಕೆ ಅವಕಾಶವೇ ಇಲ್ಲ. ಒಂದು ತೊಗರಿ ಗಿಡದ ಕಾಯಿಗಳನ್ನು ಎಣಿಸಿ ಹತ್ತು ಎಕರೆಯ ಇಳುವರಿಯನ್ನು ಹೇಳಹೊರಟವನ ಮಾತನ್ನು ಈ ಸೀಮೆಯ ರೈತರು ನಂಬುವರೆ? ಆದರೂ ಆಟಗಾರನ ವಿಷಯದಲ್ಲಿ ನಾವು ಮಾಡುವುದು ಅದನ್ನೇ.

2009ರ ಮೇ 24ರಂದು ಜೋಹಾನ್ಸ್‌ಬರ್ಗಿನಲ್ಲಿ ನಡೆದ ಫೈನಲ್ಲನ್ನು ನೆನೆಯಿರಿ. ಆರ್‌ಸಿಬಿಯ ನಾಯಕ ಅನಿಲ್ ಕುಂಬ್ಳೆಯವರು ಪಂದ್ಯದ ಮೊದಲ ಓವರನ್ನು ತಾವೇ ಎಸೆದು, ಡೆಕ್ಕನ್ ಚಾರ್ಜರ್ಸ್ ತಂಡದ ನಾಯಕ ಗಿಲ್‌ಕ್ರಿಸ್ಟರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. ನಾಲ್ಕು ಓವರುಗಳಲ್ಲಿ ಬರಿಯ 16 ರನ್ನಿಗೆ 4 ವಿಕೆಟ್ಟುಗಳನ್ನು ಕಿತ್ತರು. ಎದುರಾಳಿಗಳು ಗಳಿಸಿದ್ದು 143; ಬೆಂಗಳೂರು ಮುಟ್ಟಿದ್ದು 137. ಪಂದ್ಯಶ್ರೇಷ್ಠ ಪ್ರಶಸ್ತಿ ಕುಂಬ್ಳೆಯವರಿಗೆ ಬಂದಿತು, ಕಪ್ಪು ಇನ್ನೊಂದು ತಂಡಕ್ಕೆ ಹೋಯಿತು. ಆ ಆರು ರನ್ನುಗಳ ಕೊರತೆಯಿಂದ ಕುಂಬ್ಳೆಯವರ ಬೌಲಿಂಗು ಕುಂದಿತೆಂದು ಹೇಳುವ ಎದೆ ಯಾರಿಗಿದೆ?

ಕುಂಬ್ಳೆಯವರ ತಂಡದಲ್ಲಿದ್ದ ಮನೀಷ್ ಪಾಂಡೆ, ಆ ಫೈನಲ್ಲಿಗೆ ಮೂರು ದಿನಗಳ ಮುಂಚೆ ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನೆನಿಸಿದ್ದರು. ಮುಂದೆ 2014ರಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ, ಕೋಲ್ಕತ್ತದ ಪರವಾಗಿ 50 ಎಸೆತಗಳಲ್ಲಿ 94 ರನ್ ಹೊಡೆದು ಆ ತಂಡಕ್ಕೆ ಕಪ್ಪನ್ನು ಗೆಲ್ಲಿಸಿಕೊಟ್ಟರು. 2022ರಲ್ಲಿ ರಾಜ್ಯದ ಮಹಾರಾಜ ಟ್ರೋಫಿ ಕ್ರಿಕೆಟ್ ಪಂದ್ಯಾವಳಿಯನ್ನು ಗೆದ್ದ ನಮ್ಮ ಗುಲ್ಬರ್ಗ ಮಿಸ್ಟಿಕ್ಸ್ ತಂಡಕ್ಕೂ ಅವರೇ ನಾಯಕರು. ಒಂದು ತಂಡದಲ್ಲಿ ಕಪ್ಪಿಲ್ಲದವನಾಗಿದ್ದ ಆಟಗಾರನು ಇನ್ನೊಂದು ತಂಡದಲ್ಲಿ ಕಪ್ಪು ತಂದವನಾದದ್ದನ್ನು ಕಂಡ ಮೇಲೆ, ಕಪ್ಪಿನ ಲೆಕ್ಕವು ತಂಡಕ್ಕೆ ಸೇರಿದ್ದೆಂಬುದನ್ನು ಒಪ್ಪಿಕೊಳ್ಳುವುದು ಕಷ್ಟವಾಗಬಾರದು.

ಅಭಿಮಾನಿಗಳ ಎದೆಯಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿದಿರುವ ನೋವು 2016ರದು. ಆ ವರ್ಷ ಕೊಹ್ಲಿ 16 ಪಂದ್ಯಗಳಲ್ಲಿ 4 ಶತಕಗಳೊಡನೆ 973 ರನ್ನುಗಳನ್ನು ಸೂರೆಗೈದರು. ಆದರೆ ಗುಜರಾತ್ ಲಯನ್ಸ್ ವಿರುದ್ಧದ ಮೊದಲ ಪ್ಲೇಆಫ್ ಪಂದ್ಯದಲ್ಲಿ ಅವರು ಸೊನ್ನೆಗೆ ಬೌಲ್ಡಾದರು. 29 ರನ್ನಿಗೆ 5 ವಿಕೆಟ್ಟುಗಳು ಉರುಳಿದ ಮೇಲೆ ಎಬಿ ಡಿವಿಲಿಯರ್ಸ್ 79 ರನ್ ಹೊಡೆದು ಔಟಾಗದೆ ಉಳಿದು, ಮುಳುಗಿದ್ದ ಪಂದ್ಯವನ್ನು ದಡಕ್ಕೆ ತಂದರು. ವರ್ಷದ ಸರ್ವೋತ್ತಮ ಬ್ಯಾಟ್ಸ್‌ಮನ್ ಸೊನ್ನೆ ಸುತ್ತಿದ ರಾತ್ರಿ ತಂಡವು ಗೆದ್ದಿತು. ಇನ್ನು ಸನ್‌ರೈಸರ್ಸ್ ಹೈದರಾಬಾದಿನ ಎದುರು ಚಿನ್ನಸ್ವಾಮಿಯಲ್ಲಿ ನಡೆದ ಫೈನಲ್ಲಿನಲ್ಲಿ ಆದದ್ದೇನು? ಹೈದರಾಬಾದಿನವರು 208 ರನ್ ಪೇರಿಸಿದರು. ಕೊನೆಯ ಓವರಿನಲ್ಲಿಯೇ 24 ರನ್ನುಗಳು ಹರಿದುಹೋದವು. ಉತ್ತರವಾಗಿ ಕ್ರಿಸ್ ಗೇಲ್ 38 ಎಸೆತಗಳಲ್ಲಿ 76, ಕೊಹ್ಲಿ 35 ಎಸೆತಗಳಲ್ಲಿ 54. ಮೊದಲ ವಿಕೆಟ್ಟಿಗೆ 114. ಅಷ್ಟಾಗಿಯೂ ಮಧ್ಯಕ್ರಮವು ಕುಸಿದು, ತಂಡವು 200ಕ್ಕೆ ನಿಂತು, ಎಂಟು ರನ್ನುಗಳಿಂದ ಸೋತಿತು. ಕೊಹ್ಲಿ ದೊಡ್ಡ ಪಂದ್ಯವನ್ನು ಗೆಲ್ಲಿಸಲಾರರೆಂಬ ಮಾತು ಹಬ್ಬಿದ್ದು ಇಂತಹ ಸೋಲುಗಳಿಂದ. ಆದರೆ ಕೈತಪ್ಪಿದ ಎಂಟು ರನ್ನುಗಳನ್ನು ಹುಡುಕಹೊರಟವನಿಗೆ ಆ 24 ರನ್ನುಗಳ ಒಂದು ಓವರೇ ಸಾಕಷ್ಟು ಹೇಳುತ್ತದೆ.

ಅಮೆರಿಕದಲ್ಲಿ ಇದೇ ಜಗಳ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಸುತ್ತ ನಡೆಯುತ್ತದೆ. ಅಲ್ಲಿಯವರು ಫುಟ್ಬಾಲೆಂದು ಕರೆಯುವ ಆಟದಲ್ಲಿ ಚೆಂಡನ್ನು ಬಹುಪಾಲು ಕೈಯಲ್ಲಿ ಹಿಡಿದೇ ಓಡುತ್ತಾರೆ, ಎಸೆಯುತ್ತಾರೆ. ದಾಳಿಯ ಬಹುಪಾಲು ಸರದಿಗಳಲ್ಲಿ ಚೆಂಡು ಮೊದಲು ಈತನ ಕೈಗೇ ಬರುವುದರಿಂದ, ಎಸೆತವಾದರೆ ಯಾರಿಗೆ, ಯಾವಾಗ ಎಸೆಯಬೇಕೆಂಬ ನಿರ್ಣಯ ಕ್ಷಣಾರ್ಧದಲ್ಲಿ ಈತನದಾಗುತ್ತದೆ. ಗೆದ್ದರೆ ಹೊಗಳಿಕೆ, ಸೋತರೆ ತೆಗಳಿಕೆ ಎರಡೂ ಈತನ ತಲೆಗೇ. ಆದರೆ ಎದುರಾಳಿಯ ಕೈಯಲ್ಲಿ ಚೆಂಡಿರುವಷ್ಟು ಹೊತ್ತೂ ಈತನು ಗೆರೆಯ ಹೊರಗೆ ಕುಳಿತಿರುತ್ತಾನೆ. ಆಗ ತಡೆಯುವವರು ಬೇರೆಯೇ ಹನ್ನೊಂದು ಜನರು. ಡ್ಯಾನ್ ಮರೀನೊ ಎಂಬಾತ 1984ರಲ್ಲಿ 5084 ಗಜಗಳಷ್ಟು ಎಸೆದು, ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸುವ 48 ಟಚ್‌ಡೌನ್‌ಗಳನ್ನು ತಂದುಕೊಟ್ಟು ಅವೆರಡರಲ್ಲಿಯೂ ಆವರೆಗಿನ ದಾಖಲೆಗಳನ್ನು ಮುರಿದನು. ಆ ಸಾಲಿನ ಸೂಪರ್ ಬೌಲ್ ಫೈನಲ್ಲಿನಲ್ಲಿ ಅವನ ತಂಡವು 38–16ರಿಂದ ಸೋತಿತು. ಮುಂದೆ ಎಷ್ಟೋ ವರ್ಷ ಆಡಿದರೂ ಅವನು ಇನ್ನೊಮ್ಮೆ ಫೈನಲ್ಲಿನ ಮುಖ ಕಾಣಲಿಲ್ಲ. ಇದಕ್ಕೆ ವಿಪರೀತವಾಗಿ ಪೇಟನ್ ಮ್ಯಾನಿಂಗ್, 2015ರ ಸಾಲಿನಲ್ಲಿ, ವೃತ್ತಿಯ ಮುಸ್ಸಂಜೆಯಲ್ಲಿ, 9 ಟಚ್‌ಡೌನ್‌ಗಳಿಗೆ ಎದುರಾಗಿ 17 ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದುಕೊಟ್ಟಿದ್ದರೂ, ಡೆನ್ವರ್ ತಂಡದ ಅಭೇದ್ಯವಾದ ರಕ್ಷಣೆಯ ಬಲದಿಂದ 2016ರ ಫೆಬ್ರುವರಿಯಲ್ಲಿ ಕಪ್ಪನ್ನೆತ್ತಿದನು. ಆ ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ರಕ್ಷಣೆಯ ವಾನ್ ಮಿಲ್ಲರನಿಗೆ ಸಂದಿತು. ಕಪ್ಪೊಂದೇ ಅಳತೆಗೋಲಾದರೆ 2015ರ ಮ್ಯಾನಿಂಗ್ 1984ರ ಮರೀನೊಗಿಂತ ದೊಡ್ಡವನಾಗಬೇಕು. ಆ ಆಟವನ್ನು ಬಲ್ಲವರಾರೂ ಹಾಗೆ ಹೇಳಲಾರರು.

ಒಬ್ಬನ ಪಾಲು ಎಷ್ಟೆಂಬುದು ಆಟದಿಂದ ಆಟಕ್ಕೆ ಬೇರೆಯಾಗುವುದೂ ನಿಜ. ಏಳೇ ಜನರ ಕಬಡ್ಡಿಯಲ್ಲಿ ಒಬ್ಬ ರೈಡರನ ಭಾರ ಬಲು ಹೆಚ್ಚು: 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಪ್ರೊ ಕಬಡ್ಡಿ ಲೀಗಿನ ಫೈನಲ್ಲನ್ನು 38–33ರಿಂದ ಗೆದ್ದಾಗ 22 ಅಂಕಗಳು ಪವನ್ ಸೆಹ್ರಾವತ್ ಒಬ್ಬರವೇ. ಆದರೆ ಮರುಸಾಲಿನಲ್ಲಿ ಅವರು 346 ರೈಡ್ ಅಂಕಗಳನ್ನು ಗಳಿಸಿದರೂ ತಂಡವು ಸೆಮಿಫೈನಲ್ಲಿನಲ್ಲಿಯೇ ನಿಂತುಹೋಯಿತು.

ಶ್ರೇಯಸ್ಸನ್ನು ಹಂಚುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದಕ್ಕೆ ನಮ್ಮ ಸೀಮೆಗೆ ಹತ್ತಿರದ ನಿದರ್ಶನವೇ ಇದೆ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ನಡೆದ ಮಹಿಳೆಯರ ಪ್ರೀಮಿಯರ್ ಲೀಗಿನ ಫೈನಲ್ಲಿನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ತಂಡವು ಏಳು ಓವರುಗಳಲ್ಲಿ ವಿಕೆಟ್ ನಷ್ಟವಿಲ್ಲದೆ 64 ರನ್ ಗಳಿಸಿ ಪಂದ್ಯವನ್ನು ಕೈವಶ ಮಾಡಿಕೊಂಡಂತಿತ್ತು. ಎಂಟನೆಯ ಓವರಿನಲ್ಲಿ ಆರ್‌ಸಿಬಿಯ ಸೋಫಿ ಮೊಲಿನೂ ಮೂವರನ್ನು ಮರಳಿ ಕಳುಹಿಸಿದರು. ಅನಂತರ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ಟುಗಳನ್ನು ಕಬಳಿಸಿದರು. ಡೆಲ್ಲಿ 113ಕ್ಕೆ ಮುಗಿಯಿತು. ಎಂಟು ವಿಕೆಟ್ಟುಗಳಿಂದ ಗೆದ್ದ ಸ್ಮೃತಿ ಮಂದಾನರ ಬಳಗವು ಆರ್‌ಸಿಬಿಗೆ ಮೊದಲ ಕಪ್ಪನ್ನು ತಂದಿತು. ಹೆಚ್ಚು ವಿಕೆಟ್ಟು ಶ್ರೇಯಾಂಕಾರವು, ಪಂದ್ಯಶ್ರೇಷ್ಠ ಪ್ರಶಸ್ತಿ ಮೊಲಿನೂ ಅವರದು. ಬಾಗಿಲನ್ನು ತೆರೆದವರು ದೊಡ್ಡವರೊ, ಒಳಹೊಕ್ಕು ಕಾರ್ಯವನ್ನು ಪೂರೈಸಿದವರು ದೊಡ್ಡವರೊ ಎಂದು ವಾದಿಸುವುದಕ್ಕೆ ಇಲ್ಲಿ ಎರಡು ಕಡೆಯಲ್ಲಿಯೂ ಸತ್ತ್ವವಿದೆ. ಆದರೆ ಒಬ್ಬರ ಕೆಲಸವಿಲ್ಲದೆ ಇನ್ನೊಬ್ಬರದು ಅಷ್ಟು ಫಲಿಸುತ್ತಿರಲಿಲ್ಲವೆಂಬುದನ್ನು ಮರೆತು ಮಾಡಿದ ವಾದವು ಬರಿಯ ಹಟವಾಗುತ್ತದೆ.

ಕಡೆಗೆ 2025ರ ಜೂನ್ 3ರಂದು, ಪುರುಷರ ಐಪಿಎಲ್‌ನ ಹದಿನೆಂಟನೆಯ ಸಾಲಿನಲ್ಲಿ, “ಈ ಸಲ ಕಪ್ ನಮ್ದೇ” ಎಂಬ ಘೋಷವು ಅಹಮದಾಬಾದಿನಲ್ಲಿ ನಿಜವಾಯಿತು. ಪಂಜಾಬ್ ಕಿಂಗ್ಸ್ ವಿರುದ್ಧದ ಫೈನಲ್ಲಿನಲ್ಲಿ ಬೆಂಗಳೂರು 190, ಪಂಜಾಬ್ 184. 2009ರಲ್ಲಿ ಯಾವ ಆರು ರನ್ನುಗಳಿಂದ ಸೋತಿತ್ತೊ ಅದೇ ಆರು ರನ್ನುಗಳ ಗೆಲುವು. ಕೊಹ್ಲಿ ಆ ರಾತ್ರಿ 35 ಎಸೆತಗಳಲ್ಲಿ 43 ರನ್ ಮಾಡಿದರು. ಒಂಬತ್ತು ವರ್ಷಗಳ ಹಿಂದೆ, ಸೋತ ಫೈನಲ್ಲಿನಲ್ಲಿ, ಅಷ್ಟೇ ಎಸೆತಗಳಲ್ಲಿ 54 ಮಾಡಿದ್ದರು. ಈ ಸಲ ಪಂದ್ಯವನ್ನು ತಿರುಗಿಸಿದ್ದು ನಾಲ್ಕು ಓವರುಗಳಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ. ನಾಯಕತ್ವ ರಜತ್ ಪಾಟೀದಾರರದು. 43 ಹೊಡೆದ ಕೊಹ್ಲಿ ಗೆದ್ದರು, 54 ಹೊಡೆದ ಕೊಹ್ಲಿ ಸೋತರು. ಚಹಾದಂಗಡಿಯ ಹಳೆಯ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ: ಕೊಹ್ಲಿಯ ಯೋಗ್ಯತೆ ಮೊದಲೇ ಇತ್ತು, ಅದಕ್ಕೆ ಒದಗಬೇಕಾಗಿದ್ದ ಬೌಲಿಂಗಿನ ಬಲ ಈಗ ಒದಗಿತು.

ಮರುದಿನ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಉಂಟಾದ ಕಾಲ್ತುಳಿತದಲ್ಲಿ 11 ಜನರು ಪ್ರಾಣ ಕಳೆದುಕೊಂಡರು. ಆ ದುರಂತದ ಹೊಣೆಯನ್ನು ನಿರ್ಣಯಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಸಂತೋಷಪಡುವುದಕ್ಕೆಂದು ಮನೆಯಿಂದ ಹೊರಟವರು ಮನೆಗೆ ಮರಳದೆ ಹೋದ ಮೇಲೆ, ಯಾವ ಕಪ್ಪೂ ಒಂದು ಜೀವದ ತೂಕಕ್ಕೆ ಬಾರದೆಂಬ ಮಾತನ್ನು ಹೇಳದೆ ಮುಂದೆ ಸಾಗುವುದು ಅಧರ್ಮವಾದೀತು. ಅಭಿಮಾನಕ್ಕೆ ಪ್ರೀತಿಯಷ್ಟೇ ಮಿತಿಯೂ ಬೇಕು. ಗೆದ್ದವನನ್ನು ದೇವರನ್ನಾಗಿಯೂ ಸೋತವನನ್ನು ದ್ರೋಹಿಯನ್ನಾಗಿಯೂ ಕಾಣುವ ದೃಷ್ಟಿಯಲ್ಲಿ ಆ ಮಿತಿ ಮೊದಲೇ ತಪ್ಪಿರುತ್ತದೆ.

ಹಾಗಾದರೆ ಆಟಗಾರನನ್ನು ಅಳೆಯುವುದೆಂತು? ಅವನ ಕೈಯಲ್ಲಿದ್ದ ಕೆಲಸವೇನು, ಅದನ್ನು ಅನೇಕ ವರ್ಷಗಳಲ್ಲಿ, ನಾನಾ ಬಗೆಯ ಪಿಚ್ಚುಗಳ ಮೇಲೆ, ಪ್ರಬಲರಾದ ಎದುರಾಳಿಗಳ ಮುಂದೆ ಅವನು ಹೇಗೆ ಮಾಡಿದನು ಎಂಬುದನ್ನು ಮೊದಲು ನೋಡಬೇಕು. ಕಠಿನವಾದ ರಾತ್ರಿಗಳಲ್ಲಿ ಅವನ ಆಟವು ತನ್ನ ಮಟ್ಟವನ್ನು ಕಾಪಾಡಿಕೊಂಡಿತೆ ಎಂಬುದನ್ನು ಒಂದೆರಡು ಪಂದ್ಯಗಳಿಂದಲ್ಲದೆ ಅಂತಹ ಎಲ್ಲ ಪಂದ್ಯಗಳನ್ನೂ ಒಟ್ಟಿಗಿಟ್ಟು ವಿಚಾರಿಸಬೇಕು. ಕಪ್ಪನ್ನು ತಂಡದ ಲೆಕ್ಕಕ್ಕೆ ಬರೆಯಬೇಕು. ಇಷ್ಟನ್ನು ಒಪ್ಪಿದ ಮೇಲೆಯೂ ಚರ್ಚೆಗೆ ವಿಷಯ ಧಾರಾಳವಾಗಿ ಉಳಿಯುತ್ತದೆ, ಉಳಿಯಲೂ ಬೇಕು. ತನ್ನ ಪ್ರೀತಿಯ ಆಟಗಾರನ ಕುಂದನ್ನು ತಾನೇ ಎತ್ತಿ ಹೇಳಬಲ್ಲ, ಎದುರು ತಂಡದವನ ಗುಣವನ್ನು ಮನಸಾರೆ ಕೊಂಡಾಡಬಲ್ಲ ಅಭಿಮಾನಿಯು, ಆಟದ ನೆಪದಲ್ಲಿ, ಮನುಷ್ಯರನ್ನು ನ್ಯಾಯವಾಗಿ ಕಾಣುವ ಅಭ್ಯಾಸವನ್ನು ಸಂಪಾದಿಸಿಕೊಳ್ಳುತ್ತಾನೆ. ಆ ಸಂಪಾದನೆಯನ್ನು ಯಾವ ಪ್ಲೇಆಫಿನ ಸೋಲೂ ಅವನಿಂದ ಕಸಿಯಲಾರದು.