ಹಳೆಯ ಸರಪಳಿ ಗರಗಸ: ದುರಸ್ತಿಯೋ, ಬದಲಾವಣೆಯೋ?

ಮಳೆಗಾಲಕ್ಕೆ ಮುನ್ನ ಮಲೆನಾಡಿನ ಕಾಫಿ ತೋಟಗಳಲ್ಲಿ ಮರಗಸಿ ನಡೆಯುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಕೆಡವಿದ ಕೊಂಬೆಗಳನ್ನು ತುಂಡರಿಸುವುದಕ್ಕೆ ನನ್ನ ಸೋದರಮಾವನಲ್ಲಿ ಒಂದು ಪೆಟ್ರೋಲ್ ಗರಗಸವಿತ್ತು. ಇಪ್ಪತ್ತು ವರ್ಷಗಳಿಗೂ ಮೀರಿ ದುಡಿದ ಅದು ಕಳೆದ ಬೇಸಗೆಯಲ್ಲಿ ಸೊರಗಿತು. "ಉದ್ದನೆಯ ಅಲಗು, ಹೊಸ ಸರಪಳಿ ಹಾಕಿಸಿದರೆ ಸಾಲದೇನೋ? ನೀನು ಭೌತಶಾಸ್ತ್ರ ಕಲಿಸುವವನಲ್ಲವೆ, ಹೇಳು" ಎಂದರು ಮಾವ.

ಮೊದಲು ಅಲಗಿನ ಮಾತು. ಇಂಥ ಗರಗಸದ ಸರಪಳಿಯು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಿಂದ ಓಡುತ್ತದೆ. ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧವಷ್ಟೆ. ಸರಪಳಿಗೆ 2 ಕಿಲೋವಾಟ್ ದೊರೆಯುವುದೆಂದು ಭಾವಿಸಿದರೆ, ಮರವನ್ನು ಕೊಯ್ಯಲು ಸಿಗುವ ಬಲ 2000 ÷ 20, ಎಂದರೆ ಕೇವಲ 100 ನ್ಯೂಟನ್. ಮರದೊಳಗೆ ಹೊಕ್ಕ ಹಲ್ಲುಗಳೆಲ್ಲವೂ ಇದನ್ನೇ ಹಂಚಿಕೊಳ್ಳಬೇಕು. ಉದ್ದನೆಯ ಅಲಗನ್ನು ದಪ್ಪ ದಿಮ್ಮಿಗಿಳಿಸಿದಾಗ ಹಲ್ಲುಗಳ ಸಂಖ್ಯೆ ಹೆಚ್ಚಿ, ಒಂದೊಂದರ ಪಾಲು ಕುಗ್ಗುತ್ತದೆ. ಎಂಜಿನ್ನನ್ನು ಹಾಗೆಯೇ ಬಿಟ್ಟು ಅಲಗನ್ನು ಬೆಳೆಸುವುದು ಬಡ ಎತ್ತಿಗೆ ದೊಡ್ಡ ಗಾಡಿ ಹೂಡಿದಂತೆ.

ಸರಪಳಿಯ ವಿಷಯ ಬೇರೆ. ಹರಿತವಾದ ಹಲ್ಲು ಮರವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಮೊಂಡು ಹಲ್ಲು ಹಿಟ್ಟು ಮಾಡುತ್ತದೆ. ಅಷ್ಟೇ ಮರವನ್ನು ಹಿಟ್ಟು ಮಾಡುವಾಗ ಹೊಸದಾಗಿ ಒಡೆಯಬೇಕಾದ ಮೇಲ್ಮೈ ಬಹಳ ಹೆಚ್ಚು; ಶಕ್ತಿಯ ವ್ಯಯವೂ ಹೆಚ್ಚು. (ಈ ಹಲ್ಲಿನ ಆಕಾರವನ್ನು ಅಮೆರಿಕದ ಜೋಸೆಫ್ ಕಾಕ್ಸ್ ಎಂಬುವರು 1946ರಲ್ಲಿ ಮರ ಕೊರೆಯುವ ದುಂಬಿಯ ಮರಿಹುಳುವಿನ ದವಡೆಯನ್ನು ನೋಡಿ ಕಲಿತರು!) ಮಾವನ ಗರಗಸ ಹಿಟ್ಟನ್ನೇ ಉದುರಿಸುತ್ತಿತ್ತು. ಅರದಿಂದ ಹರಿತಗೊಳಿಸಿದೊಡನೆ ಅರ್ಧ ಸೊರಗು ಹೋಯಿತು.

ಇನ್ನು ಎಂಜಿನ್. ಪಿಸ್ಟನ್ನಿನ ಉಂಗುರಗಳು ಸವೆದರೆ ಅನಿಲವು ಬದಿಯಿಂದ ಸೋರಿ, ಸಂಪೀಡನ ಕುಸಿಯುತ್ತದೆ. ಸ್ವಿಚ್ಚನ್ನು ಆರಿಸಿ, ಚಾಲನೆಯ ಹಗ್ಗದ ಹಿಡಿಯಿಂದ ಗರಗಸವನ್ನು ತೂಗಬಿಟ್ಟು ನೋಡಿರಿ. ಅದು ತಡೆತಡೆದು ಇಳಿದರೆ ಎಂಜಿನ್ ಗಟ್ಟಿ. ತಡೆಯಿಲ್ಲದೆ ಜಾರಿದರೆ ಸವೆದಿದೆ. ಹೊಗೆಕೊಳವೆಯನ್ನು ಕಳಚಿ ಇಣುಕಿದರೆ ಪಿಸ್ಟನ್ನಿನ ಮೈಯೂ ಕಾಣುತ್ತದೆ. ಉದ್ದುದ್ದ ಗೀರುಗಳಿದ್ದರೆ ದುರಸ್ತಿಯ ವೆಚ್ಚ ಹೊಸ ಯಂತ್ರದ ಬೆಲೆಯತ್ತ ಸಾಗೀತು. ಮಾವನದು ತಡೆತಡೆದೇ ಇಳಿಯಿತು, ಗೀರುಗಳೂ ಇರಲಿಲ್ಲ. ಕಾರ್ಬೊರೇಟರಿನ ರಬ್ಬರ್ ಪೊರೆ ಮಾತ್ರ ಬಿರುಸಾಗಿತ್ತು. ಅದು ಅಲ್ಪ ಬೆಲೆಯ ವಸ್ತು.

ಹಾಗಾದರೆ ಹಳೆಯದನ್ನೇ ಉಳಿಸಬಹುದಿತ್ತಲ್ಲವೆ? ನಾನೂ ಹಾಗೆಯೇ ಹೇಳುವವನಿದ್ದೆ. ಆಗ ಮುಂಗೈಯ ಕಾವಲು ಮುರಿದಿರುವುದನ್ನೂ ಸರಪಳಿಯ ಬ್ರೇಕು ಇಲ್ಲವಾಗಿರುವುದನ್ನೂ ಕಂಡೆ. ಅಲಗಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿ ಹಲ್ಲು ಸಿಕ್ಕಿಕೊಂಡರೆ, ಪ್ರತಿಕ್ರಿಯೆಯ ಬಲದಿಂದ ಅಲಗು ಹಿಡಿದವನ ಮುಖದತ್ತ ಚಿಮ್ಮುತ್ತದೆ. ನಮ್ಮ ಕೈ ಎಚ್ಚರಗೊಳ್ಳಲು ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು; ಅಷ್ಟರಲ್ಲಿ ಸರಪಳಿ 4 ಮೀಟರ್ ಓಡಿರುತ್ತದೆ. ಆ ಚಿಮ್ಮುವಿಕೆಯ ಜಡತ್ವದಿಂದಲೇ ಕಾವಲು ಮುಂದಕ್ಕೆ ಬಾಗಿ, ಉಕ್ಕಿನ ಪಟ್ಟಿಯು ಕ್ಲಚ್ಚಿನ ಡೋಲನ್ನು ಬಿಗಿಯುವಂತೆ ಬ್ರೇಕನ್ನು ರಚಿಸಿರುತ್ತಾರೆ. ಆ ಮಾದರಿಯ ಬಿಡಿಭಾಗಗಳು ಎಲ್ಲಿ ವಿಚಾರಿಸಿದರೂ ದೊರೆಯಲಿಲ್ಲ. ಗರಗಸ ಹಿಡಿಯುವವನು ಮಾವನಲ್ಲ, ಕೂಲಿಗೆ ಬರುವ ಹುಡುಗ.

ಮಾವ ಎರಡು ದಿನ ಗೊಣಗಿದರು. ಮೂರನೆಯ ದಿನ ಹೊಸದನ್ನು ಕೊಂಡರು. ಹಳೆಯದು ಈಗ ಸ್ಪಾರ್ಕ್ ಪ್ಲಗ್ ಕಳಚಿಸಿಕೊಂಡು ಕಣದ ಕೊಟ್ಟಿಗೆಯಲ್ಲಿ ತೂಗುತ್ತಿದೆ.