ಫೀನಿಕ್ಸ್‌ನ ಶನಿವಾರದ ರೇಸು: ಅದರ ಕಥೆ, ಅದನ್ನು ನೋಡುವ ಬಗೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ನಮ್ಮ ಕಡೆಯ ಎಂಜಿನಿಯರುಗಳು ಬಹಳ ಮಂದಿ ಇದ್ದಾರೆ. ಚಾಂಡ್ಲರ್, ಟೆಂಪೆ ಕಡೆ ಕೆಲಸ. ಮಗನ ಮನೆಗೋ ಮಗಳ ಮನೆಗೋ ಹೋದ ಹಿರಿಯರಿಗೆ ಒಂದು ದಿನ ಮಕ್ಕಳು ಹೇಳುತ್ತಾರೆ: "ಅಪ್ಪಾ, ಶನಿವಾರ ಕಾರ್ ರೇಸಿಗೆ ಹೋಗೋಣ, ಟಿಕೆಟ್ಟೂ ಅಗ್ಗ." ಹೋಗುತ್ತೀರಿ. ಕಾರುಗಳು ಗುಂಡಗೆ ಸುತ್ತುತ್ತವೆ, ಕಿವಿ ತೂತಾಗುವಷ್ಟು ಸದ್ದು. ಯಾರು ಮುಂದೆ, ಯಾರು ಹಿಂದೆ, ಏಕೆ ನಿಲ್ಲಿಸಿದರು ಎಂಬುದೊಂದೂ ತಿಳಿಯುವುದಿಲ್ಲ. ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಅದೇ ರೇಸು ಕುರ್ಚಿಯ ತುದಿಗೆ ತಂದು ಕೂರಿಸುತ್ತದೆ. ಆ ಹಿನ್ನೆಲೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಈ ರೇಸಿನಲ್ಲಿ ಓಡುವ ಸ್ಟಾಕ್ ಕಾರ್ ಎಂದರೇನು ಎಂಬುದು. ಅಂಗಡಿಯಲ್ಲಿ ಸಿಗುವ ಕಾರಿನ ಹೋಲಿಕೆಯಿರುವ ರೇಸ್ ಕಾರು ಅದು. ಹಿಂದೆ ನಿಜಕ್ಕೂ ಶೋರೂಮಿನ ಕಾರನ್ನೇ ಓಡಿಸುತ್ತಿದ್ದರು. ಈಗ ಮೇಲಿನ ರೂಪ ಮಾತ್ರ ಕ್ಯಾಮರೊ, ಮಸ್ಟ್ಯಾಂಗ್, ಸುಪ್ರಾಗಳದ್ದು. ಒಳಗಿರುವುದು ಉಕ್ಕಿನ ಕೊಳವೆಗಳ ಪಂಜರ ಮತ್ತು ಎಂಟು ಸಿಲಿಂಡರಿನ ದೊಡ್ಡ ಎಂಜಿನ್. ಈ ಓಟಗಳನ್ನು ನಡೆಸುವ ಸಂಸ್ಥೆ ನ್ಯಾಸ್ಕಾರ್. ಅದರ ಮೊದಲ ದರ್ಜೆಯ ಸರಣಿ 'ಕಪ್', ಸಾಮಾನ್ಯವಾಗಿ ಭಾನುವಾರ ಓಡುತ್ತದೆ. ಎರಡನೇ ದರ್ಜೆಯ ಸರಣಿಯದು ಅದರ ಹಿಂದಿನ ದಿನ, ಶನಿವಾರ.

ಈ ಎರಡನೇ ಸರಣಿಯ ಹೆಸರು ಪ್ರಾಯೋಜಕರ ಜೊತೆಗೇ ಬದಲಾಗುತ್ತದೆ. ಆದ್ದರಿಂದ ಹಳೆಯ ವಿಡಿಯೊ ನೋಡುವವರಿಗೆ ಗೊಂದಲವಾಗುವುದು ಸಹಜ. ಇಂದಿನ ರೂಪದಲ್ಲಿ ಅದು ಶುರುವಾದದ್ದು 1982ರಲ್ಲಿ. 1984ರಿಂದ 'ಬುಶ್', 2008ರಿಂದ 'ನೇಷನ್‌ವೈಡ್', 2015ರಿಂದ 'ಎಕ್ಸ್‌ಫಿನಿಟಿ', 2026ರಿಂದ 'ಓ'ರೈಲಿ ಆಟೋ ಪಾರ್ಟ್ಸ್'. ಹೆಸರು ಎಷ್ಟು ಬದಲಾದರೂ ಸರಣಿ ಒಂದೇ.

ಇನ್ನು ಜಾಗ. ಫೀನಿಕ್ಸ್ ನಗರದ ಪಶ್ಚಿಮಕ್ಕೆ ಏವನ್‌ಡೇಲ್ ಎಂಬ ಊರು. ಅಲ್ಲಿ ಎಸ್ಟ್ರೆಯಾ ಬೆಟ್ಟಸಾಲಿನ ಬುಡದಲ್ಲಿ, ಕುರುಚಲು ಗಿಡ, ಕಳ್ಳಿ, ಕಲ್ಲುಗಳ ನಡುವೆ 1964ರಲ್ಲಿ ಈ ಟ್ರ್ಯಾಕ್ ಕಟ್ಟಿದರು. ಒಂದು ಸುತ್ತಿಗೆ ಒಂದು ಮೈಲಿ, ಅಂದರೆ 1.6 ಕಿಲೊಮೀಟರ್. ಕೂರಲು ಸುಮಾರು 42 ಸಾವಿರ ಆಸನಗಳು. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಾದ್ದರಿಂದ ನ್ಯಾಸ್ಕಾರ್ ಓಟಗಳನ್ನು ಕಡುಬೇಸಗೆ ಬಿಟ್ಟು, ವರ್ಷದ ಆರಂಭದ ತಿಂಗಳುಗಳಲ್ಲೊಮ್ಮೆ, ಕೊನೆಯ ತಿಂಗಳುಗಳಲ್ಲೊಮ್ಮೆ ಇಟ್ಟುಕೊಳ್ಳುತ್ತಾರೆ.

ಈ ಟ್ರ್ಯಾಕ್ ಪೂರ್ತಿ ದುಂಡಗಿಲ್ಲ. ಒಂದು ಪಕ್ಕದ ನೇರ ರಸ್ತೆ ನಡುವಿನಲ್ಲಿ ಮುರಿದಂತೆ ಬಾಗಿದೆ. ನಾಯಿಯ ಹಿಂಗಾಲಿನಂತೆ ಕಾಣುವ ಈ ತಿರುವನ್ನು ಡಾಗ್‌ಲೆಗ್ ಎನ್ನುತ್ತಾರೆ. ಟ್ರ್ಯಾಕ್ ಕಟ್ಟುವಾಗ ಡ್ರ್ಯಾಗ್ ರೇಸಿಗೂ, ಅಂದರೆ ಎರಡು ಕಾರು ನೇರ ದಾರಿಯಲ್ಲಿ ಓಡುವ ಪಂದ್ಯಕ್ಕೂ ಜಾಗ ಬಿಡಬೇಕಿತ್ತು. ಅದಕ್ಕಾಗಿ ದಾರಿಯನ್ನು ಹೀಗೆ ಬಾಗಿಸಿದರು. ತಿರುವುಗಳ ಇಳಿಜಾರು, ಅಂದರೆ ಬ್ಯಾಂಕಿಂಗ್, ಇಲ್ಲಿ 8ರಿಂದ 11 ಡಿಗ್ರಿಯ ಆಸುಪಾಸು. ಡೇಟೋನಾ ಎಂಬ ಇನ್ನೊಂದು ಟ್ರ್ಯಾಕ್‌ನಲ್ಲಿ ಅದು 31 ಡಿಗ್ರಿ. ಇಳಿಜಾರು ಹೆಚ್ಚಿದ್ದರೆ ಆಕ್ಸಿಲರೇಟರ್‌ನಿಂದ ಕಾಲು ಎತ್ತದೆ ತಿರುಗಬಹುದು. ಫೀನಿಕ್ಸ್‌ನಲ್ಲಿ ಹಾಗಾಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಬ್ರೇಕ್ ಒತ್ತಬೇಕು, ಮತ್ತೆ ಹದವಾಗಿ ವೇಗ ಕೊಡಬೇಕು. ಚಾಲಕನ ಪಾದದ ನಯ ಇಲ್ಲಿ ಎದ್ದು ಕಾಣುತ್ತದೆ.

2011ರಲ್ಲಿ ಡಾಂಬರು ಕಿತ್ತು ಹೊಸದಾಗಿ ಹಾಕಿ, ಡಾಗ್‌ಲೆಗ್ಗನ್ನು ಹೊರಕ್ಕೆ ಸರಿಸಿದರು. 2018ರಲ್ಲಿ 178 ಮಿಲಿಯನ್ ಡಾಲರ್ ಖರ್ಚಿನಲ್ಲಿ ಇಡೀ ಆವರಣವನ್ನೇ ಬದಲಿಸಿದರು. ಓಟ ಶುರುವಾಗುವ ಮತ್ತು ಮುಗಿಯುವ ಗೆರೆ ಎದುರು ಪಕ್ಕದಿಂದ ಎದ್ದು ಡಾಗ್‌ಲೆಗ್‌ನ ಹತ್ತಿರಕ್ಕೆ ಬಂತು. ಇದರಿಂದ ಓಟದ ಸ್ವಭಾವವೇ ಬದಲಾಯಿತು. ಹಸಿರು ಬಾವುಟ ಬೀಸಿದ ಮರುಗಳಿಗೆಯಲ್ಲೇ ಮುಂದೆ ಡಾಗ್‌ಲೆಗ್. ಒಳಗಡೆಯ ಸಮತಟ್ಟು ಜಾಗದಲ್ಲಿ ನುಗ್ಗಿದರೆ ದಾರಿ ಕಡಿಮೆ. ಹಾಗಾಗಿ ಎರಡು ಸಾಲಿನಲ್ಲಿ ಬರುತ್ತಿದ್ದ ಕಾರುಗಳು ಒಮ್ಮೆಗೇ ಮೂರು, ನಾಲ್ಕು, ಕೆಲವೊಮ್ಮೆ ಐದು ಸಾಲಾಗಿ ಹರಡಿಕೊಳ್ಳುತ್ತವೆ. ಸಮತಟ್ಟಿನಿಂದ ಮತ್ತೆ ಇಳಿಜಾರಿಗೆ ಏರುವಾಗ ಕಾರು ಒಮ್ಮೆ ಕುಕ್ಕುತ್ತದೆ. ಅಲ್ಲಿ ಹಿಡಿತ ತಪ್ಪಿದವನು ಪಕ್ಕದವನನ್ನೂ ಕರೆದುಕೊಂಡು ಹೋಗುತ್ತಾನೆ. ನೀವು ಟಿಕೆಟ್ ಆರಿಸುವಾಗ ಈ ಜಾಗ ಚೆನ್ನಾಗಿ ಕಾಣುವಂತೆ, ಆದಷ್ಟು ಮೇಲಿನ ಸಾಲಿನಲ್ಲಿ ಆರಿಸಿ.

ಓಟ ಹೇಗೆ ನಡೆಯುತ್ತದೆ? ಶನಿವಾರದ ಓಟಕ್ಕೆ 200 ಸುತ್ತು, ಸುಮಾರು 322 ಕಿಲೊಮೀಟರ್. ಭಾನುವಾರದ ಕಪ್ ಓಟಕ್ಕೆ 312 ಸುತ್ತು. 2017ರಿಂದ ಓಟವನ್ನು ಮೂರು ಭಾಗ ಮಾಡಿದ್ದಾರೆ. ಒಂದೊಂದು ಭಾಗಕ್ಕೆ ಸ್ಟೇಜ್ ಎಂದು ಹೆಸರು. ಮೊದಲೆರಡು ಸ್ಟೇಜ್ ಮುಗಿದಾಗ ಮುಂದಿದ್ದವರಿಗೆ ಅಂಕ ಸಿಗುತ್ತದೆ, ಎಲ್ಲರೂ ನಿಧಾನವಾಗುತ್ತಾರೆ. ಅಪಘಾತವಾದರೆ ಹಳದಿ ಬಾವುಟ. ಆಗ ಯಾರೂ ಯಾರನ್ನೂ ದಾಟುವಂತಿಲ್ಲ, ಗುಂಪಾಗಿ ಮೆಲ್ಲಗೆ ಸುತ್ತಬೇಕು. ಮುಗಿಯುವ ಹೊತ್ತಿಗೆ ಹಳದಿ ಬಂದರೆ ಓಟವನ್ನು ಲಂಬಿಸಿ ಎರಡು ಸುತ್ತು ಮತ್ತೆ ಓಡಿಸುತ್ತಾರೆ. ಇದನ್ನು ಓವರ್‌ಟೈಮ್ ಎನ್ನುತ್ತಾರೆ. ಫೀನಿಕ್ಸ್‌ನ ದೊಡ್ಡ ನಾಟಕಗಳೆಲ್ಲ ಹೆಚ್ಚುಕಡಿಮೆ ಈ ಎರಡು ಸುತ್ತಿನಲ್ಲೇ ನಡೆದಿವೆ.

ಹಳದಿ ಬಾವುಟ ಬಂದಾಗ ಟ್ರ್ಯಾಕ್ ಬಿಟ್ಟು ಪಿಟ್ ಕಡೆ ನೋಡಿ. ಟೈರು, ಪೆಟ್ರೋಲಿಗಾಗಿ ಕಾರು ನಿಲ್ಲಿಸುವ ಓಣಿಯೇ ಪಿಟ್. ಎರಡನೇ ದರ್ಜೆಯ ಕಾರಿನ ಚಕ್ರಕ್ಕೆ ಇಂದಿಗೂ ಐದು ನಟ್. ಕಪ್ ಕಾರುಗಳು 2022ರಿಂದ ಒಂದೇ ನಟ್‌ಗೆ ಹೋದವು. ಇಲ್ಲಿ ಹೊಸ ಚಕ್ರಕ್ಕೆ ಐದೂ ನಟ್‌ಗಳನ್ನು ಮೊದಲೇ ಅಂಟು ಹಚ್ಚಿ ಕೂರಿಸಿರುತ್ತಾರೆ. ಗಾಳಿ ಗನ್ ಹಿಡಿದವನು ಮಂಡಿಯೂರಿ ಐದು ಬಿಚ್ಚಿ, ಐದು ಬಿಗಿದು, ಎದ್ದು ಇನ್ನೊಂದು ಪಕ್ಕಕ್ಕೆ ಓಡುತ್ತಾನೆ. ಇನ್ನೊಬ್ಬ ದೊಡ್ಡ ಕ್ಯಾನಿನಿಂದ ಪೆಟ್ರೋಲು ಸುರಿಯುತ್ತಾನೆ. ಪಂಪಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮಧ್ಯೆ ಒಬ್ಬ ಹಿಂಬದಿಯ ಗಾಜಿನಲ್ಲಿರುವ ತೂತಿಗೆ ಉದ್ದನೆಯ ಪಾನಾ ತೂರಿಸಿ ಅರ್ಧ ಸುತ್ತೋ ಒಂದು ಸುತ್ತೋ ತಿರುಗಿಸುತ್ತಾನೆ. ಅದರಿಂದ ನಾಲ್ಕು ಚಕ್ರಗಳ ಮೇಲಿನ ಭಾರದ ಹಂಚಿಕೆ ಬದಲಾಗುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಮಾತು ಕೇಳದಿದ್ದರೆ ಕಾರು 'ಟೈಟ್', ಹಿಂಭಾಗ ಜಾರಿದರೆ 'ಲೂಸ್'. ಬಿಸಿಲು ಇಳಿದು ಡಾಂಬರು ತಣಿದಂತೆ ಹಿಡಿತ ಬದಲಾಗುತ್ತದೆ, ಮಧ್ಯಾಹ್ನ ಸರಿಯಿದ್ದ ಕಾರು ಸಂಜೆಗೆ ಸರಿಯಿರುವುದಿಲ್ಲ. ಆ ಅರ್ಧ ಸುತ್ತಿನ ಪಾನಾ ಅದಕ್ಕೇ.

ಇಷ್ಟು ತಿಳಿದರೆ ಇತಿಹಾಸ ಸುಲಭ. ಫೀನಿಕ್ಸ್‌ಗೆ ಕಪ್ ಓಟ ಬಂದದ್ದು 1988ರಲ್ಲಿ. ಗೆದ್ದ ಆ್ಯಲನ್ ಕುಲ್ವಿಕಿ ಟ್ರ್ಯಾಕನ್ನು ಉಲ್ಟಾ ದಿಕ್ಕಿನಲ್ಲಿ ಸುತ್ತಿ ಸಂಭ್ರಮಿಸಿದರು. ಎರಡನೇ ದರ್ಜೆಯ ಓಟ ಬರಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. 1999ರ ನವೆಂಬರ್‌ನಲ್ಲಿ ನಡೆದ ಆ ಮೊದಲ ಓಟ ಗೆದ್ದದ್ದು ಜೆಫ್ ಗಾರ್ಡನ್. ಆ ಹೊತ್ತಿಗೆ ಅವರು ಮೂರು ಸಲ ಕಪ್ ಚಾಂಪಿಯನ್!

ಇಲ್ಲಿ ನಿಮಗೊಂದು ಅನುಮಾನ ಬರಬೇಕು. ಎರಡನೇ ದರ್ಜೆಯೆಂದರೆ ಕಿರಿಯರ ಓಟ ತಾನೇ, ದೊಡ್ಡವರಿಗೇನು ಕೆಲಸ? ರಣಜಿ ಪಂದ್ಯಕ್ಕೆ ಭಾರತ ತಂಡದ ಆಟಗಾರರು ಪ್ರತಿ ಸಲ ಬಂದು ಶತಕ ಹೊಡೆದು ಹೋದರೆ ಹೇಗೋ, ಇದೂ ಹಾಗೆಯೇ. ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು. ಪ್ರಾಯೋಜಕರಿಗೆ ದೊಡ್ಡ ಹೆಸರು ಬೇಕು, ಟಿಕೆಟ್ಟೂ ಹೋಗುತ್ತದೆ, ಚಾಲಕರಿಗೆ ಭಾನುವಾರಕ್ಕೆ ಮುನ್ನ ಅದೇ ಟ್ರ್ಯಾಕ್‌ನಲ್ಲಿ ಅಭ್ಯಾಸ. 2001ರಿಂದ ಮೂರು ವರ್ಷ ಗ್ರೆಗ್ ಬಿಫಲ್, ಸ್ಕಾಟ್ ವಿಮ್ಮರ್, ಬಾಬಿ ಹ್ಯಾಮಿಲ್ಟನ್ ಜೂನಿಯರ್ ಎಂಬ ಸರಣಿಯ ಸ್ವಂತ ಚಾಲಕರೇ ಗೆದ್ದರು. 2005ರಲ್ಲಿ ವರ್ಷಕ್ಕೆ ಎರಡು ಓಟವಾಯಿತು. ಆದರೆ 2004ರಿಂದ 2010ರವರೆಗಿನ ಗೆಲುವುಗಳೆಲ್ಲ ಕಪ್ ಚಾಲಕರ ಪಾಲಾದವು. ಕಾರ್ಲ್ ಎಡ್ವರ್ಡ್ಸ್, ಕೆವಿನ್ ಹಾರ್ವಿಕ್, ಕೈಲ್ ಬುಶ್ ಹೀಗೆ ಸಾಲುಸಾಲು. 2006ರಿಂದ 2010ರವರೆಗೆ ಸರಣಿಯ ಚಾಂಪಿಯನ್ ಪಟ್ಟವೂ ಅವರಂಥವರಿಗೇ ಹೋಯಿತು. ಕೈಲ್ ಬುಶ್ ಈ ಟ್ರ್ಯಾಕ್‌ನಲ್ಲಿ ಗೆದ್ದಷ್ಟು ಎರಡನೇ ದರ್ಜೆಯ ಓಟಗಳನ್ನು ಇನ್ನಾರೂ ಗೆದ್ದಿಲ್ಲ. ಸರಣಿಯಲ್ಲಿ ಅವರ ಒಟ್ಟು ಗೆಲುವು 102.

ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಕಲಿಯುವ ಹುಡುಗರ ಅಂಗಳದಲ್ಲಿ ಅಷ್ಟು ವರ್ಷ ಬೇರೆಯವರ ಬಾವುಟ ಹಾರಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ನ್ಯಾಸ್ಕಾರ್‌ಗೂ ಅದು ತಡವಾಗಿ ಅರಿವಾಯಿತು. 2011ರಲ್ಲಿ, ಒಬ್ಬ ಚಾಲಕ ಯಾವುದಾದರೂ ಒಂದೇ ಸರಣಿಯ ಚಾಂಪಿಯನ್‌ಶಿಪ್ ಅಂಕ ಪಡೆಯಬೇಕು ಎಂದಿತು. 2017ರಲ್ಲಿ ಅನುಭವಿ ಕಪ್ ಚಾಲಕರಿಗೆ ವರ್ಷಕ್ಕೆ 10 ಓಟದ ಮಿತಿ ಬಂತು. ಆಮೇಲೆ ಅದು 7ಕ್ಕೆ, ಮತ್ತೆ 5ಕ್ಕೆ ಇಳಿಯಿತು. ಋತುವಿನ ಕೊನೆಯ ಓಟಗಳಿಂದ ಅವರನ್ನು ಹೊರಗಿಟ್ಟರು. 2017ರ ಶರತ್ಕಾಲದಲ್ಲಿ ವಿಲಿಯಂ ಬೈರನ್, 2018ರಲ್ಲಿ ಕ್ರಿಸ್ಟಫರ್ ಬೆಲ್, 2019ರಲ್ಲಿ ಜಸ್ಟಿನ್ ಆಲ್ಗೇಯರ್ ಗೆದ್ದದ್ದು ಈ ಬದಲಾವಣೆಯ ನಂತರ.

2020ರಲ್ಲಿ ವರ್ಷದ ಅಂತಿಮ ಓಟವೇ ಫೀನಿಕ್ಸ್‌ಗೆ ಬಂತು. ಆಗಿನ ಪದ್ಧತಿಯಲ್ಲಿ ಪ್ಲೇಆಫ್ ಎಂಬ ಹಂತಹಂತದ ಸೋಸುವಿಕೆ ದಾಟಿ ನಾಲ್ವರು ಉಳಿಯುತ್ತಿದ್ದರು. ಆ ನಾಲ್ವರಲ್ಲಿ ಅಂದು ಮುಂದೆ ಮುಗಿಸಿದವನೇ ಚಾಂಪಿಯನ್. ಮೊದಲ ವರ್ಷ ಆಸ್ಟಿನ್ ಸಿಂಡ್ರಿಕ್ ಓಟವನ್ನೂ ಪಟ್ಟವನ್ನೂ ಗೆದ್ದರು. ಮರುವರ್ಷ ಡೇನಿಯಲ್ ಹೆಮ್ರಿಕ್ ಫೀನಿಕ್ಸ್‌ಗೆ ಬಂದಾಗ ನ್ಯಾಸ್ಕಾರ್‌ನ ಯಾವ ರಾಷ್ಟ್ರೀಯ ಸರಣಿಯಲ್ಲೂ ಒಂದು ಓಟವನ್ನೂ ಗೆದ್ದಿರಲಿಲ್ಲ. ಮುಂದಿನ ವರ್ಷ ತಂಡವನ್ನೂ ಬದಲಿಸಬೇಕಿತ್ತು. ಓವರ್‌ಟೈಮ್‌ನ ಕೊನೆಯ ತಿರುವಿನಲ್ಲಿ ಅವರ ಕಾರೂ ಸಿಂಡ್ರಿಕ್‌ರ ಕಾರೂ ಮೈಗೆ ಮೈ ಉಜ್ಜಿಕೊಂಡು ಬಂದವು. ಕೂದಲೆಳೆಯಷ್ಟು ಮುಂದಿದ್ದದ್ದು ಹೆಮ್ರಿಕ್. ಮೊದಲ ಗೆಲುವೇ ಚಾಂಪಿಯನ್ ಪಟ್ಟ. ಕಾರಿನಿಂದಿಳಿದು ಹಿಂದಕ್ಕೆ ಲಾಗ ಹೊಡೆದರು.

2022ರದ್ದು ಬೇರೆ ಬಗೆಯ ನೆನಪು. ಟೈ ಗಿಬ್ಸ್, ತಂಡದ ಮಾಲೀಕ ಜೋ ಗಿಬ್ಸ್‌ರ ಮೊಮ್ಮಗ, ಹಿಂದಿನ ವಾರ ಮಾರ್ಟಿನ್ಸ್‌ವಿಲ್ ಟ್ರ್ಯಾಕ್‌ನಲ್ಲಿ ತನ್ನದೇ ತಂಡದ ಬ್ರ್ಯಾಂಡನ್ ಜೋನ್ಸ್‌ರನ್ನು ಗುದ್ದಿ ಗೆದ್ದಿದ್ದ. ಜನ ಕೂಗಿ ಅಣಕಿಸಿದ್ದರು. ಫೀನಿಕ್ಸ್‌ನಲ್ಲಿ ಓಟವನ್ನೂ ಪಟ್ಟವನ್ನೂ ಗೆದ್ದ. ಅದೇ ರಾತ್ರಿ ಅವನ ತಂದೆ ಕಾಯ್ ಗಿಬ್ಸ್ ನಿದ್ದೆಯಲ್ಲೇ ತೀರಿಹೋದರು. ಮರುದಿನ ಕಪ್ ಓಟಕ್ಕೆ ಟೈ ಬರಲಿಲ್ಲ.

2023ರಲ್ಲಿ ಕೋಲ್ ಕಸ್ಟರ್ ಓವರ್‌ಟೈಮ್‌ನಲ್ಲಿ ಗೆದ್ದರು. 2024ರಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು. ಓಟ ಗೆದ್ದದ್ದು ರೈಲಿ ಹರ್ಬ್ಸ್ಟ್, ಪಟ್ಟ ಸಿಕ್ಕದ್ದು ವರ್ಷಗಟ್ಟಲೆ ಅದರ ಹೊಸ್ತಿಲಿಗೆ ಬಂದು ಹಿಂದಿರುಗಿದ್ದ ಆಲ್ಗೇಯರ್‌ಗೆ. 2025ರಲ್ಲಿ ಕಾನರ್ ಜಿಲಿಶ್ ಆ ವರ್ಷ 10 ಓಟ ಗೆದ್ದು ಬಂದಿದ್ದ. ಅಂತಿಮ ಓಟದಲ್ಲಿ 20 ವರ್ಷದ ಜೆಸ್ಸಿ ಲವ್ ಅವನನ್ನು ದಾಟಿ ಎಲ್ಲವನ್ನೂ ಗೆದ್ದುಕೊಂಡ. ವರ್ಷವಿಡೀ ದುಡಿದದ್ದನ್ನು ಒಂದು ಮಧ್ಯಾಹ್ನ ಅಳೆಯುವುದು ನ್ಯಾಯವೇ ಎಂಬ ಚರ್ಚೆ ಜೋರಾಯಿತು. 2026ರಿಂದ ಆ ಪದ್ಧತಿ ಹೋಗಿ, ಕೊನೆಯ ಒಂಬತ್ತು ಓಟಗಳ ಅಂಕ ಕೂಡಿಸುವ ಪದ್ಧತಿ ಬಂದಿದೆ. ಅಂತಿಮ ಓಟವೂ ಫ್ಲಾರಿಡಾದ ಹೋಮ್‌ಸ್ಟೆಡ್‌ಗೆ ಮರಳಿದೆ. ನನಗೆ ಇದು ಒಳ್ಳೆಯದೆನಿಸುತ್ತದೆ, ಫೀನಿಕ್ಸ್‌ನ ಆ ಆರು ನವೆಂಬರ್‌ಗಳು ಇನ್ನು ಬರುವುದಿಲ್ಲ ಎಂಬ ಬೇಸರವೂ ಇದೆ.

ಇನ್ನು ಹೋಗುವವರ ವಿಷಯ. ಟಿಕೆಟ್ ಟ್ರ್ಯಾಕ್‌ನ ಅಧಿಕೃತ ಜಾಲತಾಣದಲ್ಲೇ ಸಿಗುತ್ತದೆ. ಶನಿವಾರದ್ದು ಭಾನುವಾರಕ್ಕಿಂತ ಸಾಕಷ್ಟು ಅಗ್ಗ. 12 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಟಿಕೆಟ್ ಜೊತೆ ಶನಿವಾರ ಉಚಿತ ಪ್ರವೇಶ ಕೊಡುವ ರೂಢಿಯಿದೆ, ಬುಕ್ ಮಾಡುವಾಗ ಖಚಿತಪಡಿಸಿಕೊಳ್ಳಿ. ಟ್ರ್ಯಾಕ್‌ನ ಒಳಅಂಗಳಕ್ಕೆ ಬೇರೆ ಪಾಸು ಬೇಕು. ಆದರೆ ಅಲ್ಲಿ ಗ್ಯಾರೇಜಿನ ಪಕ್ಕದಲ್ಲೇ ನಿಂತು ಮೆಕ್ಯಾನಿಕ್‌ಗಳ ಕೆಲಸ ನೋಡಬಹುದು, ಕಾಸಿಗೆ ಮೋಸವಿಲ್ಲ. ಪಕ್ಕದ ಬೆಟ್ಟದ ಇಳಿಜಾರಿನ ಮೇಲೆ ಕೂತು ನೋಡುವುದು ಇಲ್ಲಿಯ ಹಳೆಯ ಪದ್ಧತಿ. ರ್‍ಯಾಟಲ್‌ಸ್ನೇಕ್ ಹಿಲ್ ಎಂದು ಅದರ ಹೆಸರು. ಬುಡುಬುಡಿಕೆಯಂತೆ ಬಾಲ ಸದ್ದು ಮಾಡುವ ಹಾವುಗಳ ಜಾಗ ಅದು, ಓಟಕ್ಕೆ ಮುನ್ನ ಹಾವು ಹಿಡಿದು ಸಾಗಿಸುತ್ತಾರೆ.

ಟೋಪಿ, ನೀರು, ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನೇ ಬೇಕು. ಸ್ಕ್ಯಾನರ್ ಎಂಬ ಉಪಕರಣ ಬಾಡಿಗೆಗೆ ಸಿಗುತ್ತದೆ. ಅದರಲ್ಲಿ ಚಾಲಕನೂ ತಂಡದವರೂ ರೇಡಿಯೊದಲ್ಲಿ ಆಡುವ ಮಾತು ಕೇಳುತ್ತದೆ. "ಟೈಟ್", "ಲೂಸ್" ಎಂಬ ಕೂಗು ಕಿವಿಗೆ ಬಿದ್ದಾಗ ಪಿಟ್‌ನಲ್ಲಿ ಪಾನಾ ಎತ್ತಿಕೊಳ್ಳುವವನನ್ನು ನೋಡಿ.

ಅಮೆರಿಕದಲ್ಲಿರುವವರು ಮನೆಯಲ್ಲೇ ನೋಡುವುದಾದರೆ 2025ರಿಂದ ಈ ಸರಣಿ ಪೂರ್ತಿಯಾಗಿ ದಿ ಸಿಡಬ್ಲ್ಯೂ ವಾಹಿನಿಯಲ್ಲಿದೆ, ಆಂಟೆನಾದಲ್ಲೂ ಸಿಗುತ್ತದೆ. ಊರಿನಲ್ಲಿರುವವರಿಗೆ ಸಮಯದ ಲೆಕ್ಕ: ಅರಿಜೋನಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ವರ್ಷದುದ್ದಕ್ಕೂ ಅಷ್ಟೇ. ಅಲ್ಲಿ ಶನಿವಾರ ಸಂಜೆ ಐದೂವರೆಯಾದರೆ ನಮ್ಮಲ್ಲಿ ಭಾನುವಾರ ಬೆಳಗ್ಗೆ ಆರು. ನಿದ್ದೆ ಕೆಡಿಸಿಕೊಳ್ಳಲು ಮನಸ್ಸಿಲ್ಲದವರಿಗೆ ನ್ಯಾಸ್ಕಾರ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಹಳೆಯ ಓಟಗಳು ಸಿಗುತ್ತವೆ. 2021ರ ನವೆಂಬರ್‌ನದರಿಂದ ಶುರುಮಾಡಿ. ಸಮಯವಿಲ್ಲದಿದ್ದರೆ ಓವರ್‌ಟೈಮ್‌ನ ಎರಡೇ ಸುತ್ತು ನೋಡಿ, ಹಸಿರು ಬಾವುಟ ಬೀಸಿದಾಗ ಕಣ್ಣು ಡಾಗ್‌ಲೆಗ್‌ನ ಮೇಲಿರಲಿ.